ಟೇಬಲ್ ಉಬ್ಬರ

ಟೇಬಲ್ ಉಬ್ಬರ ಎಂದರೆ ಡೇಟಾಬೇಸಿನ ಒಂದು ಟೇಬಲ್ಲು ಬಳಕೆ ತಪ್ಪಿದ ಹಳೆಯ ಸಾಲುಗಳನ್ನೂ ಅವು ತೆರವು ಮಾಡಿದ ಖಾಲಿ ಜಾಗವನ್ನೂ ಹೊತ್ತುಕೊಂಡು, ತನ್ನಲ್ಲಿರುವ ಮಾಹಿತಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಡಿಸ್ಕನ್ನು ಹಿಡಿದಿಟ್ಟುಕೊಂಡಿರುವ ಸ್ಥಿತಿ. ವೃತ್ತಿಯವರು ಇದನ್ನು ಬ್ಲೋಟ್ ಎನ್ನುತ್ತಾರೆ. ಸಾವಿರಾರು ಅಥವಾ ಲಕ್ಷಾಂತರ ಸಾಲುಗಳನ್ನು ಒಂದೇ ಸಲಕ್ಕೆ ತಿದ್ದುವ ಸಗಟು ಅಪ್‌ಡೇಟ್ ಇದರ ಮುಖ್ಯ ಕಾರಣ. ಹೊಟ್ಟೆಯುಬ್ಬರಕ್ಕೂ ಕಡಲಿನ ಉಬ್ಬರಕ್ಕೂ ಕನ್ನಡದಲ್ಲಿ ಪದ ಒಂದೇ. ಇಲ್ಲಿ ಹೊಂದುವುದು ಮೊದಲನೆಯದು, ಏಕೆಂದರೆ ಕಡಲಿಗಿರುವ ಇಳಿತ ಟೇಬಲ್ಲಿಗೆ ತಾನಾಗಿ ಬರುವುದಿಲ್ಲ. ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸಿನಲ್ಲಿ. ಮುಂದಿನ ವಿವರಣೆಯಲ್ಲಿ ಅದನ್ನು ವಾಡಿಕೆಯಂತೆ ಪೋಸ್ಟ್‌ಗ್ರೆಸ್ ಎಂದು ಕರೆಯಲಾಗಿದೆ.

ಪರಿಭಾಷೆ

ಸಾಲು ಎಂಬುದು ಬಳಕೆದಾರನಿಗೆ ಕಾಣುವ ಒಂದು ದಾಖಲೆ. ಆ ಸಾಲು ಡಿಸ್ಕಿನ ಮೇಲೆ ತಾಳಿರುವ ಒಂದೊಂದು ರೂಪವನ್ನು ಇಲ್ಲಿ ಪ್ರತಿ ಎನ್ನಲಾಗಿದೆ. ಓಲೆಗರಿಯ ಗ್ರಂಥಕ್ಕೆ ಹಲವು ಪ್ರತಿಗಳಿರುವಂತೆ ಒಂದೇ ಸಾಲಿಗೆ ಒಂದೇ ಹೊತ್ತಿನಲ್ಲಿ ಹಲವು ಪ್ರತಿಗಳು ಇರಬಹುದು. ಒಂದೇ ಕೆಲಸವಾಗಿ ನಡೆಯುವ ಆಜ್ಞೆಗಳ ಗುಂಪು ಟ್ರಾನ್ಸಾಕ್ಷನ್. ಈಗ ಯಾವ ಟ್ರಾನ್ಸಾಕ್ಷನ್ನಿಗೂ ಕಾಣಬೇಕಿಲ್ಲದ ಪ್ರತಿ ಸತ್ತ ಪ್ರತಿ, ಉಳಿದದ್ದು ಜೀವಂತ ಪ್ರತಿ. ಡೇಟಾಬೇಸು ಡಿಸ್ಕಿನಿಂದ ಓದುವ ಮತ್ತು ಡಿಸ್ಕಿಗೆ ಬರೆಯುವ ಘಟಕ ಪುಟ. ಆವೃತ್ತಿ ಎಂಬ ಪದವನ್ನು ಸಾಫ್ಟ್‌ವೇರಿನ ಬಿಡುಗಡೆಗಳಿಗೆ ಮಾತ್ರ ಬಳಸಲಾಗಿದೆ.

ಉಗಮ

ತಿದ್ದುವಾಗ ಹಳೆಯದನ್ನು ಅಳಿಸದೆ ಹೊಸ ಪ್ರತಿಯೊಂದನ್ನು ಬರೆದಿಡುವ ಯೋಚನೆ ಡೇವಿಡ್ ರೀಡ್ ಅವರು 1978ರಲ್ಲಿ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ರೂಪು ಪಡೆಯಿತು. ಓದುವವರು ಬರೆಯುವವರಿಗಾಗಿ ಕಾಯಬಾರದು, ಬರೆಯುವವರು ಓದುವವರಿಗಾಗಿ ಕಾಯಬಾರದು ಎಂಬುದು ಅದರ ಉದ್ದೇಶ. ಜಿಮ್ ಸ್ಟಾರ್ಕಿ ಕಟ್ಟಿದ ಇಂಟರ್‌ಬೇಸ್ 1980ರ ದಶಕದಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು.

ಪೋಸ್ಟ್‌ಗ್ರೆಸ್ 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ ಆರಂಭವಾದ ಯೋಜನೆ. ಅದರ ಸಂಗ್ರಹ ವ್ಯವಸ್ಥೆಯನ್ನು ವಿವರಿಸುವ 1987ರ ಲೇಖನದಲ್ಲಿ ಹಳೆಯ ಪ್ರತಿಗಳು ಕಸವಲ್ಲ, ಆಸ್ತಿ. ಅವನ್ನು ಉಳಿಸಿಕೊಂಡರೆ ಹಿಂದಿನ ಯಾವುದೇ ದಿನದ ಸ್ಥಿತಿಯನ್ನು ಕೇಳಿ ಪಡೆಯಬಹುದಿತ್ತು. ಅವನ್ನು ಮುಖ್ಯ ಡಿಸ್ಕಿನಿಂದ ಎತ್ತಿ ಆಪ್ಟಿಕಲ್ ಡಿಸ್ಕಿನ ಭಂಡಾರಕ್ಕೆ ಸಾಗಿಸುವ ಕೆಲಸಗಾರನಿಗೆ ಇಟ್ಟ ಹೆಸರು ವ್ಯಾಕ್ಯೂಮ್ ಕ್ಲೀನರ್. ಹಿಂದಿನ ಕಾಲಕ್ಕೆ ಹೋಗುವ ಸೌಲಭ್ಯವನ್ನು ಆವೃತ್ತಿ 6.2ರಲ್ಲಿ ಕೈಬಿಡಲಾಯಿತು, ವ್ಯಾಕ್ಯೂಮ್ ಉಳಿಯಿತು. ಭಂಡಾರಕ್ಕೆ ಸಾಗಿಸುವವನು ಕಸ ಗುಡಿಸುವವನಾದ. ಇಂದಿನ ಉಬ್ಬರ ಆ ಮೂಲ ಉದ್ದೇಶದ ಪಳೆಯುಳಿಕೆ.

ಇಂದಿನ ಬಹುಪ್ರತಿ ವ್ಯವಸ್ಥೆ 1999ರ ಆವೃತ್ತಿ 6.5ರಲ್ಲಿ ಬಂದಿತು. 2002ರ 7.2ರವರೆಗೆ ವ್ಯಾಕ್ಯೂಮ್ ನಡೆಯುವಷ್ಟು ಹೊತ್ತು ಟೇಬಲ್ಲಿಗೆ ಪೂರ್ತಿ ಲಾಕ್ ಬೀಳುತ್ತಿತ್ತು. ವ್ಯಾಕ್ಯೂಮನ್ನು ತಾನಾಗಿ ನಡೆಸುವ ಆಟೋವ್ಯಾಕ್ಯೂಮ್ 2005ರ 8.1ರಲ್ಲಿ ಡೇಟಾಬೇಸಿನ ಒಡಲಿಗೇ ಸೇರಿತು, 2008ರ 8.3ರಲ್ಲಿ ಹೇಳದೆಯೇ ಓಡುವಂತಾಯಿತು.

ರಚನೆ

ಪೋಸ್ಟ್‌ಗ್ರೆಸ್‌ನ ಪುಟ 8,192 ಬೈಟಿನದು. ಅದರಲ್ಲಿ 24 ಬೈಟು ಪುಟದ ತಲೆಬರಹಕ್ಕೆ. ಒಂದೊಂದು ಪ್ರತಿಗೂ ಪುಟದ ಮೇಲ್ಭಾಗದಲ್ಲಿ 4 ಬೈಟಿನ ಸ್ಥಾನಸೂಚಕ, ಪ್ರತಿಯ ಆರಂಭದಲ್ಲಿ 23 ಬೈಟಿನ ತಲೆಬರಹ. ಈ ತಲೆಬರಹದಲ್ಲಿ ಪ್ರತಿಯನ್ನು ಹುಟ್ಟಿಸಿದ ಟ್ರಾನ್ಸಾಕ್ಷನ್ನಿನ ಸಂಖ್ಯೆ, ಕೊನೆಗಾಣಿಸಿದ ಟ್ರಾನ್ಸಾಕ್ಷನ್ನಿನ ಸಂಖ್ಯೆ ಮತ್ತು ಮುಂದಿನ ಪ್ರತಿಯ ವಿಳಾಸ ಇರುತ್ತವೆ. ವಿಳಾಸ ಎರಡು ಅಂಕಿಗಳ ಜೋಡಿ: ಪುಟ ಎಷ್ಟನೆಯದು, ಪುಟದೊಳಗೆ ಸ್ಥಾನ ಎಷ್ಟನೆಯದು.

ಅಪ್‌ಡೇಟ್ ಎಂಬುದು ಹೆಸರಿಗೆ ತಿದ್ದುಪಡಿ. ಒಳಗೆ ನಡೆಯುವುದು ಪಂಚಾಯತು ಕಚೇರಿಯ ಹಳೆಯ ಅಸೆಸ್‌ಮೆಂಟ್ ರಿಜಿಸ್ಟರಿನಲ್ಲಿ ಗುಮಾಸ್ತರು ಮಾಡುತ್ತಿದ್ದ ಕೆಲಸವೇ. ಹಳೆಯ ನಮೂದಿಗೆ ಕೆಂಪು ಶಾಯಿಯ ಗೀಟು, ಖಾಲಿ ಹಾಳೆಯಲ್ಲಿ ಹೊಸ ನಮೂದು. ಗೀಟು ಹಾಕಿದ ನಮೂದು ಹಾಳೆಯಲ್ಲಿ ಜಾಗ ಹಿಡಿದೇ ಇರುತ್ತದೆ. ರಿಜಿಸ್ಟರು ದಪ್ಪವಾಗುತ್ತದೆ, ಹುಡುಕುವವರು ಗೀಟುಗಳ ಮೇಲೆಯೂ ಕಣ್ಣಾಡಿಸಬೇಕಾಗುತ್ತದೆ.

ವ್ಯಾಕ್ಯೂಮ್ ಸತ್ತ ಪ್ರತಿಗಳನ್ನು ಹುಡುಕಿ, ಹುಡುಕಾಟಕ್ಕೆ ನೆರವಾಗುವ ಇಂಡೆಕ್ಸುಗಳಿಂದ ಅವುಗಳ ನಮೂದು ತೆಗೆದು, ಜಾಗವನ್ನು ಖಾಲಿ ಜಾಗದ ನಕ್ಷೆಯಲ್ಲಿ ಗುರುತಿಸುತ್ತದೆ. ಆ ಜಾಗ ಅದೇ ಟೇಬಲ್ಲಿನ ಮುಂದಿನ ಬರವಣಿಗೆಗೆ ದೊರೆಯುತ್ತದೆಯೇ ಹೊರತು ಆಪರೇಟಿಂಗ್ ಸಿಸ್ಟಮಿಗೆ ಮರಳುವುದಿಲ್ಲ. ಮರಳುವುದು ಟೇಬಲ್ಲಿನ ಬಾಲದ ಪುಟಗಳು ಪೂರ್ತಿ ಖಾಲಿಯಾಗಿದ್ದಾಗ ಮಾತ್ರ. ಕೊನೆಯ ಪುಟದಲ್ಲಿ ಒಂದೇ ಒಂದು ಜೀವಂತ ಪ್ರತಿ ಕುಳಿತಿದ್ದರೂ ಫೈಲು ಮೊಟಕಾಗುವುದಿಲ್ಲ. ಖಾಲಿಯಾದ ಜಾಗವೆಲ್ಲ ಮರಳಿದ ಜಾಗವಲ್ಲ ಎಂಬುದನ್ನು ಮರೆತಾಗಲೇ ಈ ವಿಷಯದಲ್ಲಿ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಸಗಟು ಅಪ್‌ಡೇಟ್: ಪುತ್ತಿಗೆಯ ಮಾದರಿ

ಪುತ್ತಿಗೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗ್ರಾಮ ಪಂಚಾಯತು. ಜಿಲ್ಲೆಯಲ್ಲಿ ಇಂಥ 38 ಗ್ರಾಮ ಪಂಚಾಯತುಗಳಿವೆ, ಕೇರಳದಲ್ಲಿ 941. ಇವುಗಳ ದಾಖಲೆಗಳನ್ನು ಗಣಕಕ್ಕೆ ತರಲು 1999ರಲ್ಲಿ ಇನ್ಫರ್ಮೇಶನ್ ಕೇರಳ ಮಿಷನ್ ಸ್ಥಾಪನೆಯಾಯಿತು. ಜನನ, ಮರಣ, ಮದುವೆಯ ನೋಂದಣಿಗೆ ಸೇವನ, ಕಟ್ಟಡ ತೆರಿಗೆಯಂಥ ಆದಾಯದ ಬಾಬ್ತುಗಳಿಗೆ ಸಂಚಯ ಅದು ರೂಪಿಸಿದ ಸಾಫ್ಟ್‌ವೇರುಗಳು.

ಪಂಚಾಯತಿನ ಕಟ್ಟಡ ಟೇಬಲ್ಲು ಸಗಟು ಅಪ್‌ಡೇಟನ್ನು ತಿಳಿಯಲು ಅನುಕೂಲವಾದ ಮಾದರಿ, ಏಕೆಂದರೆ ಅದಕ್ಕೆ ಎರಡು ಭಿನ್ನ ಬಗೆಯ ಸಗಟು ತಿದ್ದುಪಡಿಗಳು ಬರುತ್ತವೆ. ಮೊದಲನೆಯದು ವಾರ್ಷಿಕ. 2023ರ ಏಪ್ರಿಲ್ 1ರಿಂದ ಕೇರಳದಲ್ಲಿ ಕಟ್ಟಡ ತೆರಿಗೆ ವರ್ಷಕ್ಕೆ ಶೇಕಡ 5ರಂತೆ ಏರುತ್ತದೆ. ಎರಡನೆಯದು ಅಪರೂಪದ್ದು. ವಾರ್ಡುಗಳ ಗಡಿ ಬದಲಾದರೆ, ವಾರ್ಡು ಸಂಖ್ಯೆಯನ್ನೇ ಮೊದಲಿಗೆ ಹೊತ್ತ ಮನೆ ನಂಬರು ಬದಲಾಗುತ್ತದೆ. 2025ರ ಡಿಸೆಂಬರಿನ ಸ್ಥಳೀಯ ಚುನಾವಣೆಗೆ ಮುನ್ನ ನಡೆದ ಮರುವಿಂಗಡಣೆಯಲ್ಲಿ ರಾಜ್ಯದ ಗ್ರಾಮ ಪಂಚಾಯತು ವಾರ್ಡುಗಳು 15,962ರಿಂದ 17,337ಕ್ಕೆ ಏರಿದವು.

ಲೆಕ್ಕಕ್ಕಾಗಿ 10,000 ಕಟ್ಟಡಗಳ ಒಂದು ಟೇಬಲ್ಲನ್ನು ಪೋಸ್ಟ್‌ಗ್ರೆಸ್‌ನಲ್ಲಿ ಇಟ್ಟುಕೊಳ್ಳೋಣ. ಇದು ಎಣಿಕೆಯ ಸುಲಭಕ್ಕೆ ತೆಗೆದುಕೊಂಡ ದುಂಡು ಸಂಖ್ಯೆ, ಪುತ್ತಿಗೆಯ ಅಂಕಿಅಂಶವಲ್ಲ. ತಲೆಬರಹ ಸೇರಿ ಒಂದು ಸಾಲಿಗೆ 200 ಬೈಟು, ಸ್ಥಾನಸೂಚಕ ಸೇರಿ 204. ಒಂದು ಪುಟಕ್ಕೆ 40 ಸಾಲು ಹಿಡಿಯುತ್ತದೆ, ಟೇಬಲ್ಲಿಗೆ 250 ಪುಟ, ಅಂದರೆ ಸುಮಾರು 2 ಎಂಬಿ. ಏಪ್ರಿಲ್ 1ರಂದು ಒಂದೇ ಆಜ್ಞೆಯಲ್ಲಿ ಎಲ್ಲ ಸಾಲುಗಳ ತೆರಿಗೆಯನ್ನು 1.05ರಿಂದ ಗುಣಿಸಿದರೆ, ಸೊನ್ನೆಯಿಂದ ಎಣಿಸುವ ಪುಟಗಳಲ್ಲಿ 0ನೆಯದರ 1ನೆಯ ಸ್ಥಾನದಲ್ಲಿದ್ದ ಮನೆ 250ನೆಯ ಪುಟದ 1ನೆಯ ಸ್ಥಾನಕ್ಕೆ ಒಕ್ಕಲು ಹೋಗುತ್ತದೆ. ಅದರ ಹಿಂದೆಯೇ ಉಳಿದ 9,999. ಟೇಬಲ್ಲು 500 ಪುಟಕ್ಕೆ ಬೆಳೆಯುತ್ತದೆ, ಮೊದಲ 250 ಪುಟಗಳ ತುಂಬ ಸತ್ತ ಪ್ರತಿಗಳು. ತೆರಿಗೆಗೆ ಒಂದು, ಸೆಸ್ಸಿಗೆ ಒಂದು, ದಿನಾಂಕಕ್ಕೆ ಒಂದು ಎಂದು ಒಂದೇ ಟ್ರಾನ್ಸಾಕ್ಷನ್ನಿನೊಳಗೆ ಮೂರು ಅಪ್‌ಡೇಟ್ ಬರೆದಿದ್ದರೆ 1,000 ಪುಟ, ಅದರಲ್ಲಿ ಮುಕ್ಕಾಲು ಭಾಗ ಕಸ. ಮೂರನ್ನೂ ಒಂದೇ ಆಜ್ಞೆಯಲ್ಲಿ ಸೇರಿಸಿದ್ದರೆ ಈ 1,000 ಪುಟಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ.

ಒಂದೇ ಅಪ್‌ಡೇಟ್ ಕಂಡ ಟೇಬಲ್ಲಿನ ಮೇಲೆ ಈಗ ವ್ಯಾಕ್ಯೂಮ್ ಓಡಿಸಿದರೆ ಮೊದಲ 250 ಪುಟ ಖಾಲಿಯಾಗುತ್ತವೆ. ಆದರೆ ಜೀವಂತ ಪ್ರತಿಗಳೆಲ್ಲ ಬಾಲದಲ್ಲಿರುವುದರಿಂದ ಫೈಲು 500 ಪುಟದ್ದಾಗಿಯೇ ಉಳಿಯುತ್ತದೆ. ಬೇರೆ ಬದಲಾವಣೆಗಳಿಲ್ಲದಿದ್ದರೆ ಮರುವರ್ಷದ ಅಪ್‌ಡೇಟ್ ಆ ಖಾಲಿ ಜಾಗಕ್ಕೇ ಮರಳುತ್ತದೆ. ಆಗ ಬಾಲ ಪೂರ್ತಿ ಸಾಯುತ್ತದೆ, ಅನಂತರದ ವ್ಯಾಕ್ಯೂಮ್ ಫೈಲನ್ನು 250 ಪುಟಕ್ಕೆ ಮೊಟಕುಗೊಳಿಸುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಎರಡರಷ್ಟಾಗುವ ಟೇಬಲ್ಲು ರೋಗಿಯಲ್ಲ. ವ್ಯಾಕ್ಯೂಮ್ ತಪ್ಪಿ ಅಪ್‌ಡೇಟ್ ಮೇಲೆ ಅಪ್‌ಡೇಟ್ ಬಿದ್ದಾಗ ಎರಡು ನಾಲ್ಕಾಗುವುದು ಚಿಂತೆಯ ವಿಷಯ.

ಲಿಪಿ ಬದಲಾವಣೆಯ ಅಪ್‌ಡೇಟ್

ಕನ್ನಡ ದಾಖಲೆಗಳಿಗೆ ವಿಶೇಷವಾದ ಇನ್ನೊಂದು ಸಗಟು ಅಪ್‌ಡೇಟ್, ನುಡಿಯಂಥ ಹಳೆಯ ಫಾಂಟ್ ಸಂಕೇತದಲ್ಲಿದ್ದ ಹೆಸರು, ವಿಳಾಸಗಳನ್ನು ಯುನಿಕೋಡಿಗೆ ಪರಿವರ್ತಿಸುವುದು. ಇಲ್ಲಿ ಸಾಲುಗಳು ಬದಲಾಗುವುದಷ್ಟೇ ಅಲ್ಲ, ಹಿಗ್ಗುತ್ತವೆ. ಪುತ್ತಿಗೆ ಎಂಬ ಪದ ನುಡಿಯ ಎಂಟು ಬಿಟ್ಟಿನ ಸಂಕೇತದಲ್ಲಿ 7 ಬೈಟು. ಯುನಿಕೋಡಿನಲ್ಲಿ ಅದು ಪ, ಉಕಾರ, ತ, ವಿರಾಮ, ತ, ಇಕಾರ, ಗ, ಎಕಾರ ಎಂಬ ಎಂಟು ಚಿಹ್ನೆಗಳಾಗಿ ಒಡೆಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಬೇಕು, ಒಟ್ಟು 24. ಮಲಯಾಳದ ಲೆಕ್ಕವೂ ಇದೇ. ಎರಡೂ ಲಿಪಿಗಳಲ್ಲಿ ಹೆಸರು ಇಡುವ ಗಡಿಭಾಗದ ಟೇಬಲ್ಲಿನಲ್ಲಿ ಸಾಲು ಇಂಗ್ಲಿಷಿನ ಸಾಲಿಗಿಂತ ಸಹಜವಾಗಿಯೇ ಉದ್ದ, ಅದು ಸತ್ತಾಗ ಬಿಡುವ ಕಸವೂ ಹೆಚ್ಚು.

ಬಗೆಗಳು

ಉಬ್ಬರ ಟೇಬಲ್ಲಿಗೆ ಮಾತ್ರ ಬರುವುದಲ್ಲ. ಇಂಡೆಕ್ಸಿನ ಉಬ್ಬರ ಹೆಚ್ಚು ಹಟಮಾರಿ. ಬಿ-ಟ್ರೀ ಇಂಡೆಕ್ಸಿನಲ್ಲಿ ಪುಟ ತುಂಬಿದಾಗ ಎರಡಾಗಿ ಒಡೆಯುತ್ತದೆ, ಆದರೆ ಅರೆಖಾಲಿಯಾದ ಎರಡು ಪುಟಗಳು ಮತ್ತೆ ಒಂದಾಗುವುದಿಲ್ಲ. ಪೂರ್ತಿ ಬರಿದಾದ ಪುಟವನ್ನಷ್ಟೇ ವ್ಯಾಕ್ಯೂಮ್ ಮರುಬಳಕೆಗೆ ಬಿಡಿಸಿಕೊಡುತ್ತದೆ. ಸುಮಾರು 2 ಕೆಬಿ ಮೀರಿದ ಸಾಲುಗಳ ಉದ್ದ ಪಠ್ಯವನ್ನು ಪೋಸ್ಟ್‌ಗ್ರೆಸ್ ಟೋಸ್ಟ್ ಎಂಬ ಉಪಟೇಬಲ್ಲಿನಲ್ಲಿ ಇಡುತ್ತದೆ, ಅದಕ್ಕೆ ಅದರದೇ ಉಬ್ಬರ. ಆ ಕಾಲಮ್ಮನ್ನು ಮುಟ್ಟದ ಅಪ್‌ಡೇಟ್ ಟೋಸ್ಟಿನಲ್ಲಿ ಕಸ ಮಾಡುವುದಿಲ್ಲ.

ಹಾಟ್ ಅಪ್‌ಡೇಟ್

ಎಲ್ಲ ಅಪ್‌ಡೇಟುಗಳ ಭಾರ ಒಂದೇ ಅಲ್ಲ. ಪವನ್ ದೇವಲಸಿ ಬರೆದು 8.3ರಲ್ಲಿ ಸೇರಿದ ಹಾಟ್ ವ್ಯವಸ್ಥೆಯಲ್ಲಿ, ಇಂಡೆಕ್ಸಿನಲ್ಲಿರುವ ಯಾವ ಕಾಲಮ್ಮೂ ಬದಲಾಗದೆ, ಅದೇ ಪುಟದಲ್ಲಿ ಹೊಸ ಪ್ರತಿಗೆ ಜಾಗವೂ ಇದ್ದರೆ, ಇಂಡೆಕ್ಸುಗಳಿಗೆ ಹೊಸ ನಮೂದು ಬೇಕಾಗುವುದಿಲ್ಲ. ಮುಂದೆ ಆ ಪುಟವನ್ನು ಯಾರಾದರೂ ಓದುವಾಗಲೇ ಸತ್ತ ಪ್ರತಿ ತೆರವಾಗಬಹುದು, ವ್ಯಾಕ್ಯೂಮಿಗೆ ಕಾಯಬೇಕಿಲ್ಲ. ಪಂಚಾಯತಿನ ಎರಡು ತಿದ್ದುಪಡಿಗಳು ಬೇರೆಯಾಗುವುದು ಇಲ್ಲಿಯೇ. ತೆರಿಗೆ ಮೊತ್ತಕ್ಕೆ ಸಾಮಾನ್ಯವಾಗಿ ಇಂಡೆಕ್ಸ್ ಇರುವುದಿಲ್ಲ, ಆದ್ದರಿಂದ ಪುಟದಲ್ಲಿ ಜಾಗವಿದ್ದರೆ ಶೇಕಡ 5ರ ಏರಿಕೆ ಹಾಟ್ ಆಗಬಹುದು. ವಾರ್ಡು ಮತ್ತು ಮನೆ ನಂಬರು ಹುಡುಕಾಟದ ಕೀಲಿಗಳು, ಅವುಗಳಿಗೆ ಇಂಡೆಕ್ಸ್ ಇದ್ದೇ ಇರುತ್ತದೆ. ಅಲ್ಲಿ ಹಾಟ್ ಸಾಧ್ಯವಿಲ್ಲ, ಟೇಬಲ್ಲಿನ ಎಲ್ಲ ಇಂಡೆಕ್ಸುಗಳಿಗೂ ಹೊಸ ನಮೂದು ಬೀಳುತ್ತದೆ.

ಪುಟದಲ್ಲಿ ಜಾಗ ಬಿಟ್ಟಿಡುವ ಸೆಟ್ಟಿಂಗ್ ಫಿಲ್‌ಫ್ಯಾಕ್ಟರ್. ಟೇಬಲ್ಲಿಗೆ ಅದರ ಮೂಲ ಬೆಲೆ 100, ಅಂದರೆ ಪುಟವನ್ನು ಅಂಚಿನವರೆಗೆ ತುಂಬುವುದು. ಅದನ್ನು 90ಕ್ಕೋ 80ಕ್ಕೋ ಇಳಿಸಿದರೆ ಚದುರಿದ ಸಣ್ಣ ತಿದ್ದುಪಡಿಗಳಿಗೆ ಪ್ರಯೋಜನ. ಇಡೀ ಟೇಬಲ್ಲನ್ನು ಒಮ್ಮೆಲೇ ತಿದ್ದುವಾಗ 50ಕ್ಕೆ ಇಳಿಸಿದರಷ್ಟೇ ಎಲ್ಲವೂ ಅದೇ ಪುಟದಲ್ಲಿ ಹಿಡಿದೀತು. ಅದೆಂದರೆ ಉಬ್ಬರವನ್ನು ಮೊದಲೇ ಕೊಂಡಿಟ್ಟಂತೆ.

ಪತ್ತೆ

ಬಳಕೆದಾರ ಟೇಬಲ್ಲುಗಳ ಅಂಕಿಅಂಶ ನೋಟದಲ್ಲಿ ಜೀವಂತ ಮತ್ತು ಸತ್ತ ಪ್ರತಿಗಳ ಅಂದಾಜು ಸಂಖ್ಯೆ, ಕೊನೆಯ ವ್ಯಾಕ್ಯೂಮಿನ ಸಮಯ ದೊರೆಯುತ್ತವೆ. ಇದು ಸತ್ತ ಪ್ರತಿಗಳನ್ನು ಎಣಿಸುತ್ತದೆ, ಖಾಲಿ ಜಾಗವನ್ನಲ್ಲ. ಮೇಲಿನ 500 ಪುಟದ ಟೇಬಲ್ಲಿಗೆ ವ್ಯಾಕ್ಯೂಮ್ ಮುಗಿದ ಮೇಲೆ ಇಲ್ಲಿ ಸತ್ತವು ಸೊನ್ನೆ ಎಂದೇ ಬರುತ್ತದೆ, ಅರ್ಧ ಟೇಬಲ್ಲು ಬರಿದಾಗಿದ್ದರೂ. ನಿಜವಾದ ಅಳತೆಗೆ ಪಿಜಿಸ್ಟ್ಯಾಟ್‌ಟಪಲ್ ಎಂಬ ವಿಸ್ತರಣೆ ಬೇಕು. ಅದು ಟೇಬಲ್ಲನ್ನು ಪೂರ್ತಿ ಓದಿ ಖಾಲಿ ಜಾಗದ ಶೇಕಡಾವಾರನ್ನು ಕೊಡುತ್ತದೆ, ಆದ್ದರಿಂದ ದೊಡ್ಡ ಟೇಬಲ್ಲುಗಳ ಮೇಲೆ ಕಚೇರಿ ಸಮಯದಲ್ಲಿ ಓಡಿಸುವಂಥದ್ದಲ್ಲ.

ನಿರ್ವಹಣೆ

ಕಂತು ಕಂತಾಗಿ ತಿದ್ದುವುದು ಹೆಚ್ಚು ಬಳಕೆಯಲ್ಲಿರುವ ವಿಧಾನ. ಮೇಲಿನ ಟೇಬಲ್ಲನ್ನೇ 1,000 ಸಾಲುಗಳ ಹತ್ತು ಕಂತುಗಳಲ್ಲಿ ತಿದ್ದಿ, ಒಂದೊಂದು ಕಂತನ್ನೂ ಕಮಿಟ್ ಮಾಡಿ ನಡುವೆ ವ್ಯಾಕ್ಯೂಮ್ ಓಡಿಸಿದರೆ, ಮೊದಲ ಕಂತು ಬಾಲಕ್ಕೆ 25 ಪುಟ ಸೇರಿಸುತ್ತದೆ. ಎರಡನೆಯದು ಮೊದಲನೆಯದು ತೆರವು ಮಾಡಿದ 25 ಪುಟಗಳಲ್ಲಿ ಕೂರುತ್ತದೆ, ಮೂರನೆಯದು ಎರಡನೆಯದರ ಜಾಗದಲ್ಲಿ. ಹತ್ತೂ ಮುಗಿದಾಗ ಟೇಬಲ್ಲು 275 ಪುಟ, 500 ಅಲ್ಲ. ವ್ಯಾಕ್ಯೂಮನ್ನು ಟ್ರಾನ್ಸಾಕ್ಷನ್ನಿನ ಒಳಗಾಗಲೀ ಡೇಟಾಬೇಸಿನ ಪ್ರೊಸೀಜರಿನ ಒಳಗಾಗಲೀ ಕರೆಯಲು ಬರುವುದಿಲ್ಲ, ಆದ್ದರಿಂದ ಈ ಕಂತುಗಳನ್ನು ಹೊರಗಿನ ಸ್ಕ್ರಿಪ್ಟಿನಿಂದಲೇ ನಡೆಸಬೇಕು.

ಆಟೋವ್ಯಾಕ್ಯೂಮನ್ನೇ ನಂಬಿ ಕೂರುವುದಾದರೆ ಅದರ ಲೆಕ್ಕ ತಿಳಿದಿರಬೇಕು. ಮೂಲ ಸೆಟ್ಟಿಂಗಿನಲ್ಲಿ ಸತ್ತ ಪ್ರತಿಗಳು 50ನ್ನೂ ಟೇಬಲ್ಲಿನ ಶೇಕಡ 20ನ್ನೂ ಕೂಡಿದ ಸಂಖ್ಯೆಯನ್ನು ದಾಟಿದಾಗ ಅದು ಎಚ್ಚರಗೊಳ್ಳುತ್ತದೆ, ನಿಮಿಷಕ್ಕೊಮ್ಮೆ ಕಣ್ಣು ಹಾಯಿಸುತ್ತದೆ, ಒಮ್ಮೆಗೆ ಮೂವರು ಕೆಲಸಗಾರರನ್ನು ಮೀರುವುದಿಲ್ಲ. ಡಿಸ್ಕಿಗೆ ಹೊರೆಯಾಗದಂತೆ ನಡುನಡುವೆ 2 ಮಿಲಿಸೆಕೆಂಡ್ ನಿಲ್ಲುತ್ತದೆ. ಕೈಯಿಂದ ಕೊಟ್ಟ ವ್ಯಾಕ್ಯೂಮ್ ಆಜ್ಞೆಗೆ ಈ ತಡೆ ಇಲ್ಲ. ಸಗಟು ಅಪ್‌ಡೇಟ್ ಮುಗಿದ ಕೂಡಲೇ ವ್ಯಾಕ್ಯೂಮನ್ನು ಅನಲೈಸ್ ಸಹಿತ ಕೈಯಿಂದಲೇ ಓಡಿಸುವುದು ಸರಿಯಾದ ಪದ್ಧತಿ. ಅನಲೈಸ್ ಬಿಟ್ಟರೆ ಕ್ವೆರಿ ಯೋಜಕನ ಕೈಯಲ್ಲಿ ಹಳೆಯ ಅಂಕಿಅಂಶಗಳೇ ಉಳಿದು, ಟೇಬಲ್ಲು ಶುಚಿಯಾಗಿದ್ದರೂ ಹುಡುಕಾಟ ನಿಧಾನವಾಗಬಹುದು.

ವ್ಯಾಕ್ಯೂಮ್ ಓಡಿಯೂ ಏನೂ ತೆರವಾಗದಿದ್ದರೆ ಕಾರಣ ಹೆಚ್ಚಾಗಿ ಟೇಬಲ್ಲಿನ ಹೊರಗಿರುತ್ತದೆ. ಎಲ್ಲೋ ಒಂದು ಟ್ರಾನ್ಸಾಕ್ಷನ್ ಆರಂಭವಾಗಿ ಮುಗಿಯದೆ ನಿಂತಿದ್ದರೆ, ಅದಕ್ಕೆ ಕಾಣಬೇಕಾಗಬಹುದಾದ ಹಳೆಯ ಪ್ರತಿಗಳನ್ನು ತೆಗೆಯುವಂತಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದವರ ತೆರೆದ ಸೆಷನ್, ಯಾರೂ ಬಳಸದ ರೆಪ್ಲಿಕೇಶನ್ ಸ್ಲಾಟ್, ಮುಗಿಸಲು ಮರೆತ ಪ್ರಿಪೇರ್ಡ್ ಟ್ರಾನ್ಸಾಕ್ಷನ್ ಇವು ಸಾಮಾನ್ಯ ಅಪರಾಧಿಗಳು.

ಈಗಾಗಲೇ ಉಬ್ಬಿದ ಟೇಬಲ್ಲನ್ನು ಇಳಿಸಲು ವ್ಯಾಕ್ಯೂಮ್ ಫುಲ್ ಇದೆ. ಅದು ಜೀವಂತ ಪ್ರತಿಗಳನ್ನಷ್ಟೇ ಹೊಸ ಫೈಲಿಗೆ ಬರೆದು ಹಳೆಯದನ್ನು ಅಳಿಸುತ್ತದೆ, ಇಂಡೆಕ್ಸುಗಳನ್ನೂ ಹೊಸದಾಗಿ ಕಟ್ಟುತ್ತದೆ. ಮುಗಿಯುವವರೆಗೆ ಟೇಬಲ್ಲನ್ನು ಓದಲೂ ಆಗುವುದಿಲ್ಲ, ಹೊಸ ಫೈಲಿಗೆ ಬೇಕಾದಷ್ಟು ಡಿಸ್ಕ್ ಖಾಲಿ ಇರಲೇಬೇಕು. ಡಿಸ್ಕ್ ತುಂಬಿದ ಮೇಲೆ ನೆನಪಾದರೆ ಅದು ಕೈಗೆ ಸಿಗದ ಮದ್ದು. ಸೇವೆ ನಿಲ್ಲಿಸಲಾಗದ ಕಡೆ ಪಿಜಿ ರಿಪ್ಯಾಕ್ ಬಳಸುತ್ತಾರೆ. ಟ್ರಿಗರಿನ ಮೂಲಕ ನಡುವಿನ ಬದಲಾವಣೆಗಳನ್ನು ಹಿಡಿದಿಟ್ಟು ಹೊಸ ಟೇಬಲ್ಲಿಗೆ ಸೇರಿಸುವ ಅದಕ್ಕೆ ಆರಂಭದಲ್ಲಿಯೂ ಕೊನೆಯಲ್ಲಿಯೂ ಮಾತ್ರ ಚಿಕ್ಕ ಅವಧಿಯ ಪೂರ್ತಿ ಲಾಕ್ ಬೇಕು. ಟೇಬಲ್ಲಿಗೆ ಪ್ರೈಮರಿ ಕೀ ಅಥವಾ ಅದಕ್ಕೆ ಸಮನಾದ ಯೂನಿಕ್ ಇಂಡೆಕ್ಸ್ ಇರಬೇಕು. ಇಂಡೆಕ್ಸ್ ಮಾತ್ರ ಉಬ್ಬಿದ್ದರೆ 2019ರ ಆವೃತ್ತಿ 12ರಿಂದ ಸೇವೆ ನಿಲ್ಲಿಸದೆಯೇ ಅದನ್ನು ಮರುಕಟ್ಟಬಹುದು.

ಸಾಲುಗಳಲ್ಲಿ ಬಹುಪಾಲು ಬದಲಾಗುವಾಗ ಅಪ್‌ಡೇಟನ್ನೇ ಬಿಟ್ಟು, ಹೊಸ ಬೆಲೆಗಳೊಂದಿಗೆ ಇನ್ನೊಂದು ಟೇಬಲ್ಲು ಕಟ್ಟಿ ಹೆಸರು ಅದಲುಬದಲು ಮಾಡುವುದೂ ಉಂಟು. ಬೆಲೆ ನಿಜವಾಗಿ ಬದಲಾಗದ ಸಾಲುಗಳನ್ನು ಷರತ್ತು ಹಾಕಿ ಹೊರಗಿಡುವುದು ಇನ್ನೂ ಸುಲಭ, ಏಕೆಂದರೆ ಇದ್ದ ಬೆಲೆಯನ್ನೇ ಮತ್ತೆ ಬರೆದರೂ ಪೋಸ್ಟ್‌ಗ್ರೆಸ್ ಹೊಸ ಪ್ರತಿ ಮಾಡುತ್ತದೆ. ಎಲ್ಲಕ್ಕಿಂತ ಅಗ್ಗದ ಅಪ್‌ಡೇಟ್ ಮಾಡದೇ ಇರುವ ಅಪ್‌ಡೇಟ್. ಕಟ್ಟಡದ ಸಾಲಿನಲ್ಲಿ ಮೂಲ ತೆರಿಗೆಯನ್ನಷ್ಟೇ ಇಟ್ಟು, ಯಾವ ವರ್ಷಕ್ಕೆ ಎಷ್ಟು ಗುಣಕ ಎಂಬುದನ್ನು ಬೇರೆ ಟೇಬಲ್ಲಿನಲ್ಲಿ ಇಟ್ಟರೆ, ಏಪ್ರಿಲ್ 1ರ ಕೆಲಸ ಒಂದು ಸಾಲನ್ನು ಸೇರಿಸುವುದರಲ್ಲಿ ಮುಗಿಯುತ್ತದೆ.

ಇತರ ಡೇಟಾಬೇಸುಗಳಲ್ಲಿ

ಒರಾಕಲ್ ಮತ್ತು ಮೈಎಸ್‌ಕ್ಯುಎಲ್‌ನ ಇನ್ನೊಡಿಬಿ ಸಾಲನ್ನು ಇದ್ದಲ್ಲಿಯೇ ತಿದ್ದಿ, ಹಳೆಯ ರೂಪವನ್ನು ಅಂಡೂ ಎಂಬ ಬೇರೆ ಜಾಗದಲ್ಲಿ ಇಡುತ್ತವೆ. ಎಸ್‌ಕ್ಯುಎಲ್ ಸರ್ವರಿನ 2005ರ ಆವೃತ್ತಿಯಲ್ಲಿ ಬಂದ ಸ್ನ್ಯಾಪ್‌ಶಾಟ್ ವ್ಯವಸ್ಥೆ ಹಳೆಯ ಪ್ರತಿಗಳನ್ನು ಟೆಂಪ್‌ಡಿಬಿಯಲ್ಲಿ ಇಡುತ್ತದೆ. ಕಸ ಅಲ್ಲಿಯೂ ಹುಟ್ಟುತ್ತದೆ, ಬೀಳುವ ಮೂಲೆ ಬೇರೆ. ಊಬರ್ ಕಂಪನಿ ಪೋಸ್ಟ್‌ಗ್ರೆಸ್ ಬಿಟ್ಟು ಮೈಎಸ್‌ಕ್ಯುಎಲ್‌ಗೆ ಹೋದುದಕ್ಕೆ 2016ರಲ್ಲಿ ಕೊಟ್ಟ ಕಾರಣಗಳಲ್ಲಿ, ಒಂದು ಕಾಲಮ್ ಬದಲಾದರೂ ಎಲ್ಲ ಇಂಡೆಕ್ಸುಗಳಿಗೂ ಬರೆಯಬೇಕಾಗುವುದು ಮುಖ್ಯವಾಗಿತ್ತು.

ಇಂದಿನ ಸ್ಥಿತಿ

2021ರ ಆವೃತ್ತಿ 14 ಇಂಡೆಕ್ಸ್ ಪುಟ ಒಡೆಯುವ ಮುನ್ನವೇ ಅದರಲ್ಲಿನ ಹಳೆಯ ನಮೂದುಗಳನ್ನು ತೆಗೆಯಲು ಕಲಿಯಿತು. 2024ರ ಆವೃತ್ತಿ 17 ಸತ್ತ ಪ್ರತಿಗಳ ಪಟ್ಟಿಯನ್ನು ಬಹಳ ಕಡಿಮೆ ಮೆಮೊರಿಯಲ್ಲಿ ಹಿಡಿಸುವ ಹೊಸ ರಚನೆಯನ್ನು ತಂದಿತು. 2025ರ ಆವೃತ್ತಿ 18 ಆಟೋವ್ಯಾಕ್ಯೂಮಿನ ಶೇಕಡಾವಾರು ಲೆಕ್ಕಕ್ಕೆ 10 ಕೋಟಿ ಸತ್ತ ಪ್ರತಿಗಳ ಮೇಲ್ಮಿತಿ ಹಾಕಿತು. ಈ ಮಿತಿ ದೈತ್ಯ ಟೇಬಲ್ಲುಗಳಿಗೆ ಮಾತ್ರ ಪ್ರಯೋಜನಕಾರಿ.

ಕೇರಳದಲ್ಲಿ ಸ್ಥಳೀಯಾಡಳಿತದ ಸೇವೆಗಳು ಕೆ-ಸ್ಮಾರ್ಟ್ ಎಂಬ ಒಂದೇ ವೇದಿಕೆಗೆ ಬಂದಿವೆ. ನಗರಸಭೆಗಳಲ್ಲಿ 2024ರ ಜನವರಿ 1ರಿಂದ, ಗ್ರಾಮ ಪಂಚಾಯತುಗಳಲ್ಲಿ 2025ರ ಏಪ್ರಿಲಿನಿಂದ. ಇಂಥ ಏಕೀಕರಣ ಉಬ್ಬರದ ಲೆಕ್ಕವನ್ನೇ ಬದಲಿಸಬಲ್ಲದು. ಮೇಲಿನ ಮಾದರಿಯ ಟೇಬಲ್ಲು ಒಂದು ಪಂಚಾಯತಿನದಾಗಿದ್ದರೆ 2,050 ಸತ್ತ ಪ್ರತಿಗಳು ದಾಟಿದೊಡನೆ ಆಟೋವ್ಯಾಕ್ಯೂಮ್ ಎಚ್ಚರಗೊಳ್ಳುತ್ತದೆ. ಅಂಥ 941 ಟೇಬಲ್ಲುಗಳನ್ನು ಒಂದರೊಳಗೆ ಸುರಿದರೆ ಸಾಲುಗಳು 94.1 ಲಕ್ಷ, ಎಚ್ಚರಗೊಳ್ಳುವ ಗೆರೆ 18,82,050. ಆಗ ಒಂದು ಪಂಚಾಯತಿನ 10,000 ಮನೆಗಳ ನಂಬರೂ ಒಂದೇ ರಾತ್ರಿಯಲ್ಲಿ ಬದಲಾದರೂ ಅದು ಕದಲುವುದಿಲ್ಲ. ಆ ಟೇಬಲ್ಲಿಗೆ ಶೇಕಡ 20ರ ಬದಲು ಶೇಕಡ 1 ಎಂದು ಪ್ರತ್ಯೇಕ ಸೆಟ್ಟಿಂಗ್ ಕೊಟ್ಟರೆ ಗೆರೆ 94,150ಕ್ಕೆ ಇಳಿಯುತ್ತದೆ, ಮಾದರಿ ಪಂಚಾಯತಿನ ಗಾತ್ರಕ್ಕೆ ಅದೂ ದೂರವೇ. ಸ್ಥಳೀಯ ಸಂಸ್ಥೆಗೊಂದರಂತೆ ಟೇಬಲ್ಲನ್ನು ಪಾರ್ಟಿಶನ್ ಮಾಡಿದರೆ ಪೋಸ್ಟ್‌ಗ್ರೆಸ್ ಒಂದೊಂದು ಪಾರ್ಟಿಶನ್ನನ್ನೂ ಪ್ರತ್ಯೇಕ ಟೇಬಲ್ಲಿನಂತೆ ಎಣಿಸುತ್ತದೆ, ಗೆರೆ ಮತ್ತೆ 2,050ಕ್ಕೆ ಬರುತ್ತದೆ.